ಒಂದೇ ಹಾಳೆಯ ಮೇಲೆ ಎರಡು ಕಾರು: ಎಸ್2000 ಕೊಟ್ಟು ಮಸ್ಟ್ಯಾಂಗ್ ತಂದವರ ಪ್ರಕರಣ

ಹಳೆಯ ಹೋಂಡಾ ಎಸ್2000 ಅನ್ನು ಶೋರೂಮಿಗೆ ಕೊಟ್ಟು ಹೊಸ ಫೋರ್ಡ್ ಮಸ್ಟ್ಯಾಂಗ್ ಕೊಂಡವರೊಬ್ಬರ ಈ ಪ್ರಕರಣ ನಡೆದದ್ದು ಅಮೆರಿಕದ ಮಧ್ಯಪಶ್ಚಿಮ ಭಾಗದ ಒಂದು ರಾಜ್ಯದಲ್ಲಿ, 2018ರ ಅಕ್ಟೋಬರ್‌ನಲ್ಲಿ. ಸಂಬಂಧಪಟ್ಟವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಹೆಸರು, ಊರು, ಉದ್ಯೋಗಗಳ ವಿವರ ಬಿಟ್ಟಿದ್ದೇನೆ. ಮೊತ್ತಗಳನ್ನು ಲೆಕ್ಕ ಕೆಡದ ಹಾಗೆ ದುಂಡು ಮಾಡಿದ್ದೇನೆ. ಮುಂದೆ ಅವರನ್ನು ಮಾಲೀಕರು ಎಂದಷ್ಟೇ ಕರೆಯುತ್ತೇನೆ. ನಾನು ಅವರ ಹಳೆಯ ಸ್ನೇಹಿತ. ಕಾರು ಬದಲಾಯಿಸಿದ ಮರುದಿನ ಬೆಳಗ್ಗೆ ಅವರು ಮೊದಲು ಫೋನ್ ಮಾಡಿದ್ದು ನನಗೆ.

ಕಾರು ಮತ್ತು ಅದರ ಮಾಲೀಕರು

ಅವರಲ್ಲಿದ್ದದ್ದು 2002ರ ಹೋಂಡಾ ಎಸ್2000. ಹೋಂಡಾ ಕಂಪನಿ ತನ್ನ ಐವತ್ತು ವರ್ಷಗಳ ನೆನಪಿಗೆಂದು 1999ರಲ್ಲಿ ಮಾರುಕಟ್ಟೆಗೆ ತಂದು, 2009ರಲ್ಲಿ ತಯಾರಿಕೆ ನಿಲ್ಲಿಸಿದ ಎರಡೇ ಸೀಟಿನ, ಬಟ್ಟೆಯ ಮೇಲ್ಛಾವಣಿಯ ಕಾರು ಅದು. ಮೊದಲ ವರ್ಷಗಳ ಎಸ್2000ಗಳಲ್ಲಿದ್ದ ಎರಡು ಲೀಟರ್ ಎಂಜಿನ್ ನಿಮಿಷಕ್ಕೆ 9,000 ಸುತ್ತು, ಅಂದರೆ 9,000 ಆರ್‌ಪಿಎಂವರೆಗೆ ಏರುತ್ತಿತ್ತು. ಅಮೆರಿಕದಲ್ಲಿ ಮಾರಿದ ಕಾರುಗಳಲ್ಲಿ ಅದು ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲದೆಯೇ 240 ಅಶ್ವಶಕ್ತಿ ಕೊಡುತ್ತಿತ್ತು, ಆದರೆ ಅಷ್ಟು ಶಕ್ತಿ ಸಿಗಬೇಕಾದರೆ 8,300 ಆರ್‌ಪಿಎಂವರೆಗೆ ಹೋಗಲೇಬೇಕಿತ್ತು. ಟಾರ್ಕ್, ಅಂದರೆ ಎಂಜಿನ್ನಿನ ತಿರುಗಿಸುವ ಬಲ, ಸುಮಾರು 207 ನ್ಯೂಟನ್ ಮೀಟರ್ ಮಾತ್ರ. ಹೀಗಾಗಿ ಈ ಕಾರು ಸುಮ್ಮನೆ ಕುಳಿತು ಓಡಿಸುವವರಿಗೆ ಸಾಧಾರಣವಾಗಿಯೇ ಕಾಣುತ್ತದೆ. ಎಂಜಿನ್ 6,000 ಆರ್‌ಪಿಎಂ ಹತ್ತಿರ ಬಂದಾಗ ಎಂಜಿನ್ನಿಗೆ ಗಾಳಿ ಬಿಡುವ ವಾಲ್ವ್‌ಗಳನ್ನು ಇನ್ನಷ್ಟು ತೆರೆಯುವ ವಿಟೆಕ್ ವ್ಯವಸ್ಥೆ ಚಾಲೂ ಆಗಿ ದನಿ ಬದಲಾಗುತ್ತದೆ. ಅಲ್ಲಿಂದ ಮೇಲಿನ ಮೂರು ಸಾವಿರ ಆರ್‌ಪಿಎಂನಲ್ಲಿ ಎಂಜಿನ್ನನ್ನು ಹಿಡಿದಿಡಬೇಕಾದರೆ ಕೈ, ಕಾಲು, ಕಿವಿ ಮೂರೂ ಸದಾ ಎಚ್ಚರವಾಗಿರಬೇಕು.

ಮಾಲೀಕರು ಅದನ್ನು 2009ರಲ್ಲಿ ಸೆಕೆಂಡ್‌ಹ್ಯಾಂಡ್ ಆಗಿ ಕೊಂಡು ಒಂಬತ್ತು ವರ್ಷ ಇಟ್ಟುಕೊಂಡಿದ್ದರು. ಎಣ್ಣೆ ಬದಲಾಯಿಸುವುದರಿಂದ ಹಿಡಿದು ವಾಲ್ವ್‌ಗೂ ಅದನ್ನು ಒತ್ತುವ ತೋಳಿಗೂ ನಡುವಿನ ಅಂತರ ಸರಿಪಡಿಸುವವರೆಗೆ ಎಲ್ಲವನ್ನೂ ತಮ್ಮ ಗ್ಯಾರೇಜಿನಲ್ಲೇ ಮಾಡಿಕೊಳ್ಳುತ್ತಿದ್ದರು. ಈ ಎಂಜಿನ್ನಿನ ವಾಲ್ವ್‌ಗಳ ಅಂತರವನ್ನು ಎಂಜಿನ್ ಪೂರ್ತಿ ತಣ್ಣಗಿರುವಾಗ, ಫೀಲರ್ ಗೇಜಿನ ತೆಳ್ಳನೆಯ ಉಕ್ಕಿನ ಎಲೆಯನ್ನು ತೂರಿಸಿ, ಎಲೆ ಎಳೆದಾಗ ಎಷ್ಟು ಬಿಗಿ ಹಿಡಿಯುತ್ತದೆ ಎಂದು ಬೆರಳಿನಿಂದ ತಿಳಿದು, ಸ್ಕ್ರೂ ತಿರುಗಿಸಿ ಹೊಂದಿಸಬೇಕು. ಹದಿನಾರು ವಾಲ್ವ್‌ಗಳು. ಒಂದು ಭಾನುವಾರ ನಾನೂ ಪಕ್ಕದಲ್ಲಿ ಕೂತು ನೋಡಿದ್ದೇನೆ. ಒಂದೊಂದು ವಾಲ್ವ್ ಮುಗಿದಾಗಲೂ ಅವರು ಸಣ್ಣ ನೋಟ್‌ಬುಕ್ಕಿನಲ್ಲಿ ಅಂಕಿ ಬರೆದುಕೊಳ್ಳುತ್ತಿದ್ದರು. ಆ ನೋಟ್‌ಬುಕ್, ಬಿಡಿಭಾಗಗಳ ರಸೀದಿಗಳು, ಟೈರು ಬದಲಾಯಿಸಿದ ದಿನಾಂಕಗಳು ಎಲ್ಲವೂ ಒಂದು ನೀಲಿ ಫೈಲಿನಲ್ಲಿದ್ದವು. ಈ ಫೈಲಿನ ಮಾತು ಮುಂದೆ ಮತ್ತೆ ಬರುತ್ತದೆ.

ತೊಂದರೆ ಯಾವುದೆಂದು ಹೆಸರಿಟ್ಟದ್ದು

2017ರಲ್ಲಿ ಅವರಿಗೆ ಮಗಳು ಹುಟ್ಟಿದಳು. ಎಸ್2000ಗೆ ಹಿಂದಿನ ಸೀಟೇ ಇಲ್ಲ. ಹಿಂದಕ್ಕೆ ಮುಖ ಮಾಡುವ ಮಗುವಿನ ಸೀಟನ್ನು ಚಾಲೂ ಇರುವ ಏರ್‌ಬ್ಯಾಗಿನ ಮುಂದೆ ಎಂದೂ ಇಡಬಾರದು. ಅಂದರೆ ಮಗುವಿಗೆ ಆ ಕಾರಿನಲ್ಲಿ ಜಾಗವಿರಲಿಲ್ಲ. ಅದೇ ಸಮಯಕ್ಕೆ ಕಚೇರಿ ದೂರವಾಯಿತು. ಹೆದ್ದಾರಿಯಲ್ಲಿ ದಿನಕ್ಕೆ ಎಪ್ಪತ್ತು ಮೈಲಿ ಓಡಾಟ. ಗಂಟೆಗೆ 70 ಮೈಲಿ ವೇಗದಲ್ಲಿ, ಆರನೆಯ ಗೇರಿನಲ್ಲಿಯೂ ಆ ಎಂಜಿನ್ 3,500 ಆರ್‌ಪಿಎಂಗಿಂತ ಮೇಲೆಯೇ ಇರುತ್ತದೆ, ಮೇಲಿರುವುದು ಬಟ್ಟೆ. ಮನೆಗೆ ಬಂದು ಅರ್ಧ ಗಂಟೆಯಾದರೂ ಕಿವಿಯಲ್ಲಿ ಗುಂಯ್ ಎನ್ನುವುದು ನಿಲ್ಲುವುದಿಲ್ಲವೆಂದು ಹೇಳುತ್ತಿದ್ದರು. ಬಟ್ಟೆ ಮಡಚುವ ಜಾಗದಲ್ಲಿ ಹರಿದು, ಎಡಗಡೆ ಹೆಬ್ಬೆಟ್ಟಿನಗಲದ ತೇಪೆ ಹಾಕಿದ್ದರು.

ಇವೆರಡೂ ನಿಜವಾದ ತೊಂದರೆಗಳು. ಆದರೆ ಮೂರನೆಯದೊಂದಿತ್ತು, ಅದಕ್ಕೆ ಅವರು ಹೆಸರಿಡಲಿಲ್ಲ: ಕಾಲೇಜಿನ ದಿನಗಳಿಂದಲೂ ಅವರಿಗೆ ಒಂದು ವಿ8, ಅಂದರೆ ಎಂಟು ಸಿಲಿಂಡರಿನ ಎಂಜಿನ್ ಇರುವ ಕಾರು, ಬೇಕಿತ್ತು. 1964ರಲ್ಲಿ ಪಾಂಟಿಯಾಕ್ ಕಂಪನಿ ಮಧ್ಯಮ ಗಾತ್ರದ ಕಾರಿಗೆ ದೊಡ್ಡ ಕಾರಿನ ವಿ8 ಎಂಜಿನ್ ಕೂರಿಸಿ ಜಿಟಿಒ ಮಾಡಿತು. ಮಸಲ್ ಕಾರ್ ಪರಂಪರೆಯ ಆರಂಭವನ್ನು ಬಹಳ ಮಂದಿ ಗುರುತಿಸುವುದು ಅಲ್ಲಿ. ಅದೇ ವರ್ಷದ ಏಪ್ರಿಲ್‌ನಲ್ಲಿ ಬಂದ ಮಸ್ಟ್ಯಾಂಗನ್ನು ಕಟ್ಟುನಿಟ್ಟಿನವರು ಪೋನಿ ಕಾರ್, ಅಂದರೆ ಚಿಕ್ಕ ಸ್ಪೋರ್ಟಿ ಕಾರು, ಎನ್ನುತ್ತಾರೆ, ಆದರೆ ಇಂದಿನ 5.0 ಲೀಟರ್ ವಿ8 ಇರುವ ಮಸ್ಟ್ಯಾಂಗ್ ಜಿಟಿಯನ್ನು ಕೊಳ್ಳುವವರು ಮಸಲ್ ಕಾರ್ ಎಂದೇ ಕೊಳ್ಳುತ್ತಾರೆ. 2018ರ ಮಾದರಿಯಲ್ಲಿ ಅದು 460 ಅಶ್ವಶಕ್ತಿಗೂ ಸುಮಾರು 569 ನ್ಯೂಟನ್ ಮೀಟರ್ ಟಾರ್ಕಿಗೂ ಏರಿತ್ತು. ಅವರ ಆಸೆ ಕೆರಳಿದ್ದು ಆಗ.

ಆಸೆಯಲ್ಲಿ ತಪ್ಪೇನೂ ಇಲ್ಲ. ಕಾರುಗಳನ್ನು ಪ್ರೀತಿಸುವವರಿಗೆ ಅದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ತಪ್ಪಿದ್ದು, ಆ ಆಸೆಯನ್ನು ಮಗುವಿನ ಸೀಟಿನ ಹೆಸರಿನಲ್ಲಿ ಲೆಕ್ಕಕ್ಕೆ ಹಾಕಿದ್ದರಲ್ಲಿ. ಅವರ ಪತ್ನಿ ಇದನ್ನು ಮೊದಲ ದಿನವೇ ಗುರುತಿಸಿದ್ದರು. “ಅಲ್ಲಾ ರೀ, ಮಗುವಿಗೆ ಅಂತಾದರೆ ನಾಲ್ಕು ಬಾಗಿಲಿನ ಕಾರು ನನ್ನ ಹತ್ತಿರ ಇದೆಯಲ್ಲ. ನಿಮಗೆ ಬೇಕು ಅಂತಾದರೆ ಹಾಗೇ ಹೇಳಿ, ನಾನೇನು ಬೇಡ ಅಂತೀನಾ?” ಎಂದು ಕೇಳಿದ್ದರಂತೆ. ಅವರು ಉತ್ತರ ಕೊಡದೆ ಮಸ್ಟ್ಯಾಂಗಿನ ಹಿಂದಿನ ಸೀಟಿನ ಅಳತೆ ತೋರಿಸಿದರು. ಅಲ್ಲಿ ಕಾಲಿಡಲು ಇರುವ ಜಾಗ ಸುಮಾರು 29 ಅಂಗುಲ. ಹಿಂದಕ್ಕೆ ಮುಖ ಮಾಡುವ ಮಗುವಿನ ಸೀಟು ಕೂರಿಸಿದರೆ ಮುಂದಿನ ಸೀಟನ್ನು ಮೊಳಕಾಲು ಡ್ಯಾಶ್‌ಬೋರ್ಡಿಗೆ ತಾಗುವಷ್ಟು ಮುಂದೆ ಎಳೆಯಬೇಕಾಗುತ್ತದೆ. ಈ ಪ್ರಕರಣದ ಮೊದಲ ತಿರುವು ಇದೇ ಎಂದು ನನ್ನ ಅಭಿಪ್ರಾಯ, ಏಕೆಂದರೆ ಕಾರಣವನ್ನು ತಪ್ಪಾಗಿ ಬರೆದುಕೊಂಡ ಮೇಲೆ ಬೇರೆ ದಾರಿಗಳನ್ನು ಸರಿಯಾಗಿ ತೂಗಿ ನೋಡಲು ಆಗುವುದಿಲ್ಲ.

ಪ್ರಯತ್ನಿಸಿದ್ದು, ಪ್ರಯತ್ನಿಸದೆ ಬಿಟ್ಟದ್ದು

ಸದ್ದು ಕಡಿಮೆಯಾಗಲೆಂದು ಟೈರು ಬದಲಾಯಿಸಿದರು. ಸ್ವಲ್ಪ ಮಾತ್ರ ಗುಣ ಕಂಡಿತು. ಎಸ್2000ಗೆ ಕಂಪನಿಯದೇ ಅಲ್ಯೂಮಿನಿಯಂ ಮೇಲ್ಛಾವಣಿ ಇದೆ, ಆದರೆ ಸೆಕೆಂಡ್‌ಹ್ಯಾಂಡಿನಲ್ಲೂ ಅದರ ಬೆಲೆ ಕೇಳಿ ಹಿಂದೆ ಸರಿದರು. ಕಚೇರಿ ಓಡಾಟಕ್ಕೆ ಒಂದು ಅಗ್ಗದ ಹಳೆಯ ಸೆಡಾನ್ ಕೊಂಡು ಎಸ್2000 ಅನ್ನು ಭಾನುವಾರಕ್ಕೆ ಉಳಿಸಿಕೊಳ್ಳುವ ಯೋಚನೆಯೂ ಬಂದಿತ್ತು. ಗ್ಯಾರೇಜಿನಲ್ಲಿ ಎರಡೇ ಕಾರಿಗೆ ಜಾಗವಿದ್ದುದರಿಂದ ಮೂರನೆಯದು ಹಿಮದಲ್ಲಿ ನಿಲ್ಲಬೇಕಾಗುತ್ತದೆ ಎಂದು ಅದನ್ನು ಬಿಟ್ಟರು. ಹಿಮದಲ್ಲಿ ನಿಲ್ಲುವುದು ಆ ಅಗ್ಗದ ಸೆಡಾನೇ ಆಗಬಹುದಿತ್ತಲ್ಲ ಎಂದು ಯಾರೂ, ನಾನೂ, ಆಗ ಹೇಳಲಿಲ್ಲ.

ಅವರು ಪ್ರಯತ್ನಿಸದೆ ಬಿಟ್ಟ ಮುಖ್ಯ ದಾರಿ ಎಂದರೆ ಕಾರನ್ನು ತಾವೇ ನೇರವಾಗಿ ಮಾರುವುದು. ಆ ವರ್ಷ, ಆ ಸ್ಥಿತಿಯ, ಅಷ್ಟು ಮೈಲಿ ಓಡಿದ ಕಾರಿಗೆ ಖಾಸಗಿ ಮಾರಾಟದಲ್ಲಿ 17,000 ಡಾಲರ್ ಆಸುಪಾಸು ಸಿಗುತ್ತಿತ್ತೆಂದು ಅವರಿಗೇ ಗೊತ್ತಿತ್ತು. ಜಾಹೀರಾತಿಗೆಂದು ಫೋಟೊ ತೆಗೆದು, ಬರಹ ಬರೆದು, ಹಾಕದೆ ಬಿಟ್ಟರು. ಕಾರಣ ಕೇಳಿದಾಗ ಅವರು ಹೇಳಿದ್ದು ನನಗೆ ಇಂದಿಗೂ ನೆನಪಿದೆ: ಯಾರೋ ಅಪರಿಚಿತರು ಬಂದು, ತಣ್ಣಗಿರುವ ಎಂಜಿನ್ನನ್ನೇ ಒಂಬತ್ತು ಸಾವಿರಕ್ಕೆ ಏರಿಸಿ, ಇಳಿದು, ತೇಪೆ ತೋರಿಸಿ ಬೆಲೆ ಇಳಿಸುವುದನ್ನು ನೋಡಲಾರೆ ಎಂದಿದ್ದರು. ಕಾರಿನ ಮೇಲಿನ ಪ್ರೀತಿಯೇ ಅವರನ್ನು ಆ ಕಾರಿಗೆ ಅತ್ಯಂತ ಕಡಿಮೆ ಬೆಲೆ ಸಿಗುವ ಬಾಗಿಲಿಗೆ ಕರೆದೊಯ್ದಿತು. ಈ ಮಾತನ್ನು ಟೀಕೆಯಾಗಿ ಹೇಳುತ್ತಿಲ್ಲ. ಇಷ್ಟದ ವಸ್ತುವನ್ನು ಮಾರಬೇಕಾಗಿ ಬಂದವರಿಗೆ ಚೌಕಾಶಿಯೇ ಅವಮಾನದಂತೆ ಕಾಣುತ್ತದೆ, ಬೇಗ ಮುಗಿದರೆ ಸಾಕೆನಿಸುತ್ತದೆ. ಆ ಆತುರದ ಬೆಲೆ ಎಷ್ಟೆಂದು ಮೊದಲೇ ತಿಳಿದಿದ್ದರೆ ಒಳ್ಳೆಯದು.

ಆ ಸಂಜೆ

ಶೋರೂಮಿಗೆ ಅವರು ಹೋದದ್ದು ಗುರುವಾರ ಸಂಜೆ ಆರರ ಸುಮಾರಿಗೆ, ಸುಮ್ಮನೆ ನೋಡಿಬರಲು. ಟೆಸ್ಟ್ ಡ್ರೈವ್ ಹನ್ನೆರಡು ನಿಮಿಷ. ಎರಡು ಸಿಗ್ನಲ್, ಒಂದು ನೇರವಾದ ರಸ್ತೆ, ವಾಪಸ್ಸು. ಎಸ್2000ದಲ್ಲಿ ಕಾದು ಗಳಿಸಬೇಕಾಗಿದ್ದ ಶಕ್ತಿ ಇಲ್ಲಿ 2,000 ಆರ್‌ಪಿಎಂನಲ್ಲೇ, ಮೂರನೆಯ ಗೇರಿನಲ್ಲೇ ಬೆನ್ನು ನೂಕಿತು. ಆ ಹನ್ನೆರಡು ನಿಮಿಷದಲ್ಲಿ ಒಂದೂ ತಿರುವಿರಲಿಲ್ಲ ಎಂಬುದು ಅವರಿಗೆ ಹೊಳೆದದ್ದು ತಿಂಗಳುಗಳ ನಂತರ.

ನಂತರ ಮೇಜಿನ ಮುಂದೆ ಕೂರಿಸಿ ಕೇಳಿದ ಮೊದಲ ಪ್ರಶ್ನೆ, ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ ಎಂದು. ನಾನೂರು ಡಾಲರ್ ಎಂದುಬಿಟ್ಟರು. ಆಮೇಲೆ ಹೊಸ ಕಾರಿನ ಬೆಲೆ, ಹಳೆಯ ಕಾರಿನ ಬೆಲೆ, ಮುಂಗಡ, ಕಂತು ನಾಲ್ಕೂ ಒಂದೇ ಹಾಳೆಯ ಮೇಲೆ ಬಂದವು. ಮೊದಲ ಸುತ್ತಿನಲ್ಲಿ ಹೊಸ ಕಾರು 39,500, ಹಳೆಯದಕ್ಕೆ 11,000. ಮಾಲೀಕರಿಗೆ ನೋವಾಯಿತು, ಎದ್ದು ನಿಂತರು. ಮಾರಾಟಗಾರರು ಒಳಗೆ ಹೋಗಿ ಬಂದು ಹಳೆಯ ಕಾರಿಗೆ 12,500 ಕೊಡುತ್ತೇವೆಂದರು. ಅವರಿಗೆ ಗೆದ್ದಂತಾಯಿತು. ಆದರೆ ಹೊಸ ಹಾಳೆಯಲ್ಲಿ ಮಸ್ಟ್ಯಾಂಗಿನ ಬೆಲೆ 41,000 ಆಗಿತ್ತು. ಮೊದಲ ಸುತ್ತಿನ ವ್ಯತ್ಯಾಸ 28,500, ಎರಡನೆಯದರದ್ದೂ 28,500. ಹಳೆಯ ಕಾರಿಗೆ ಸೇರಿದ ಒಂದೂವರೆ ಸಾವಿರ ಹೊಸ ಕಾರಿನ ರಿಯಾಯಿತಿಯಿಂದಲೇ ಬಂದಿತ್ತು. ಪ್ರೀತಿಯ ಕಾರಿಗೆ ಮರ್ಯಾದೆಯ ಬೆಲೆ ಸಿಕ್ಕಿತೆಂಬ ಸಮಾಧಾನ ಕೊಡಲು ಶೋರೂಮಿನವರಿಗೆ ಒಂದು ಡಾಲರೂ ಖರ್ಚಾಗಲಿಲ್ಲ.

ವ್ಯತ್ಯಾಸದ ಮೇಲೆ ಶೇ. 6ರಂತೆ ತೆರಿಗೆ 1,710, ನೋಂದಣಿ ಇತ್ಯಾದಿ 290, ಮುಂಗಡ 5,000 ಕಳೆದು ಸಾಲ 25,500 ಡಾಲರ್. ಬಡ್ಡಿ ಶೇ. 4.5. ಐದು ವರ್ಷಕ್ಕೆ ಕಂತು 475 ಆಗುತ್ತಿತ್ತು. ಅವರು ಹೇಳಿದ ನಾನೂರಕ್ಕೆ ಹತ್ತಿರ ತರಲು ಅವಧಿಯನ್ನು 72 ತಿಂಗಳಿಗೆ ಎಳೆದು 405 ಮಾಡಿದರು. ಬಡ್ಡಿಯಲ್ಲಿ ಹೆಚ್ಚಾದದ್ದು ಆರುನೂರು ಡಾಲರ್ ಚಿಲ್ಲರೆ, ಅದು ದೊಡ್ಡದಲ್ಲ. ದೊಡ್ಡದು ಬೇರೆ ಇತ್ತು. ಹೊಸ ಕಾರಿನ ಮೌಲ್ಯ ಮೊದಲ ವರ್ಷಗಳಲ್ಲಿ ವೇಗವಾಗಿ ಇಳಿಯುತ್ತದೆ, ಉದ್ದ ಅವಧಿಯ ಸಾಲದ ಅಸಲು ನಿಧಾನವಾಗಿ ಇಳಿಯುತ್ತದೆ. ಮನಸ್ಸು ಬದಲಾದರೆ ಮಾರಿ ಹೊರಬರುವ ದಾರಿ ಅಷ್ಟು ಕಾಲ ಇಕ್ಕಟ್ಟಾಗುತ್ತದೆ.

ರಾತ್ರಿ ಒಂಬತ್ತಕ್ಕೆ ಸಹಿ ಆಯಿತು. ಕೀಲಿಗೊಂಚಲಿನಿಂದ ಎಸ್2000ದ ಕೀಲಿ ಬಿಚ್ಚುವಾಗ ಉಂಗುರ ಬಿಗಿಯಾಗಿ ಉಗುರು ಮುರಿಯಿತೆಂದರು. ಕಾರನ್ನು ಹಿಂದಿನ ಅಂಗಳಕ್ಕೆ ಒಯ್ಯಬೇಕಿದ್ದ ಹುಡುಗನಿಗೆ ಅದನ್ನು ಚಾಲೂ ಮಾಡುವುದು ತಿಳಿಯಲಿಲ್ಲ. ಕೀಲಿ ತಿರುಗಿಸಿದ ಮೇಲೆ ಸ್ಟೀರಿಂಗಿನ ಎಡಕ್ಕಿರುವ ಕೆಂಪು ಗುಂಡಿ ಒತ್ತಬೇಕು. ಮಾಲೀಕರೇ ಕಿಟಕಿಯೊಳಗೆ ಕೈ ಚಾಚಿ ಒತ್ತಿಕೊಟ್ಟರು.

ಮರುದಿನ, ಮತ್ತು ಆ ಚಳಿಗಾಲ

ಬೆಳಗ್ಗೆ ಏಳಕ್ಕೆ ನನಗೆ ಫೋನ್ ಬಂತು. ಮೂರು ದಿನದೊಳಗೆ ವಾಪಸ್ಸು ಕೊಡಬಹುದಲ್ಲವೇ ಎಂಬುದು ಅವರ ಪ್ರಶ್ನೆ. ಬಹಳ ಮಂದಿ ಹೀಗೆ ನಂಬಿದ್ದಾರೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನಿನ ಮೂರು ದಿನಗಳ ರದ್ದತಿ ನಿಯಮ ಇರುವುದು ಮನೆಬಾಗಿಲಿಗೆ ಬಂದೋ ತಾತ್ಕಾಲಿಕ ಜಾಗದಲ್ಲೋ ಮಾಡಿದ ಕೆಲವು ಮಾರಾಟಗಳಿಗೆ. ಡೀಲರು ತನ್ನ ಕಾಯಂ ಜಾಗದಲ್ಲಿ ಮಾರಿದ ಕಾರಿಗೆ ಅದು ಅನ್ವಯಿಸುವುದಿಲ್ಲ. ಅವರ ಒಪ್ಪಂದದಲ್ಲೂ ವಾಪಸಾತಿಯ ಮಾತಿರಲಿಲ್ಲ. ಶೋರೂಮಿನವರು ವಿನಯದಿಂದಲೇ ಇಲ್ಲವೆಂದರು. ನಾಲ್ಕನೆಯ ವಾರದಲ್ಲಿ ಅವರ ಹಳೆಯ ಕಾರು 17,900ಕ್ಕೆ ಮಾರಾಟಕ್ಕಿತ್ತು. ಫೋಟೊದಲ್ಲಿ ಎಡಗಡೆಯ ತೇಪೆ ಕಂಡು ಅದೇ ಕಾರೆಂದು ಗುರುತಿಸಿದರು.

ಅವರ ನಷ್ಟದ ಲೆಕ್ಕವನ್ನು ನಾವಿಬ್ಬರೂ ಕೂತು ಮಾಡಿದೆವು, ಏಕೆಂದರೆ ಅವರು ಅದನ್ನು ಮನಸ್ಸಿನಲ್ಲೇ ಬೆಳೆಸುತ್ತಿದ್ದರು. ಖಾಸಗಿಯಾಗಿ ಮಾರಿದ್ದರೆ 17,000, ಸಿಕ್ಕಿದ್ದು 12,500, ವ್ಯತ್ಯಾಸ 4,500. ಆದರೆ ಅಮೆರಿಕದ ಬಹುತೇಕ ರಾಜ್ಯಗಳಂತೆ ಅವರ ರಾಜ್ಯದಲ್ಲೂ ಹಳೆಯ ಕಾರಿನ ಬೆಲೆ ಕಳೆದ ಮೇಲಷ್ಟೇ ಮಾರಾಟ ತೆರಿಗೆ ಬೀಳುತ್ತದೆ. 12,500ಕ್ಕೆ ಶೇ. 6 ಎಂದರೆ 750 ಉಳಿದಿತ್ತು. ಕ್ಯಾಲಿಫೋರ್ನಿಯಾದಂತಹ ಕಡೆ ಈ ವಿನಾಯಿತಿ ಇಲ್ಲ, ಅಲ್ಲಿ ಲೆಕ್ಕವೇ ಬೇರೆ. ಹೀಗೆ ಎರಡನೆಯ ಸುತ್ತಿನ ಬೆಲೆಗಳಂತೆ ನಷ್ಟ 3,750. ಹಾಳೆಯ ಮೇಲೆ ಬರೆದ ಮೇಲೆ ಅವರಿಗೆ ನಿದ್ದೆ ಬರತೊಡಗಿತು. ಅದರೊಂದಿಗೇ ಒಂದು ವಿಷಯ ಸ್ಪಷ್ಟವಾಯಿತು: ಹೋದದ್ದು ಹಣ ಮಾತ್ರವಾಗಿರಲಿಲ್ಲ.

ಏನು ಹೋಯಿತೆಂದು ತಿಳಿಯಲು ವಸಂತದವರೆಗೆ ಕಾಯಬೇಕಾಯಿತು. ಕಚೇರಿ ಓಡಾಟಕ್ಕೆ ಮಸ್ಟ್ಯಾಂಗ್ ಎಲ್ಲ ವಿಧದಲ್ಲೂ ಮೇಲಾಗಿತ್ತು. 70 ಮೈಲಿ ವೇಗದಲ್ಲಿ ಎಂಜಿನ್ ಸುಮಾರು 2,000 ಆರ್‌ಪಿಎಂನಲ್ಲಿ ನೆಮ್ಮದಿಯಾಗಿರುತ್ತಿತ್ತು, ಕಿವಿಯ ಗುಂಯ್‌ಗುಡುವಿಕೆ ನಿಂತಿತು. ಬೆಳಗ್ಗೆ ಮಗು ಏಳದಂತೆ ನಿಗದಿತ ಗಂಟೆಗಳಲ್ಲಿ ಸೈಲೆನ್ಸರಿನ ಸದ್ದು ಅಡಗಿಸುವ ಸೌಲಭ್ಯವೂ ಅದರಲ್ಲಿತ್ತು. ಹಿಂದಿನ ಸೀಟಿನಲ್ಲಿ ಮಗಳು ಮೊದಲ ವರ್ಷ ಕೂತದ್ದು ನಾಲ್ಕು ಸಲ.

ಏಪ್ರಿಲ್‌ನಲ್ಲಿ ಖಾಲಿ ಪಾರ್ಕಿಂಗ್ ಅಂಗಳದಲ್ಲಿ ಕೋನ್ ಇಟ್ಟು ನಡೆಸುವ ಆಟೊಕ್ರಾಸಿಗೆ ಹೋದರು. ಎಸ್2000ಕ್ಕಿಂತ ಸುಮಾರು 400 ಕಿಲೊ ಹೆಚ್ಚು ತೂಕ, ಸುಮಾರು ಆರೂವರೆ ಅಂಗುಲ ಹೆಚ್ಚು ಅಗಲ. ಮೊದಲ ಸುತ್ತಿನಲ್ಲೇ ಐದು ಕೋನ್ ಬಿದ್ದವು. ಹಳೆಯ ಅಭ್ಯಾಸದಂತೆ ತಡವಾಗಿ ಬ್ರೇಕ್ ಹಾಕಿ, ಎರಡನೆಯ ಗೇರಿನಲ್ಲಿ ಎಂಜಿನ್ ಏರಲೆಂದು ಕಾಯುತ್ತಿದ್ದರು. ಅಲ್ಲಿನ ಹಿರಿಯ ಚಾಲಕರೊಬ್ಬರು ಪಕ್ಕದಲ್ಲಿ ಕೂತು, ಮೊದಲೇ ಬ್ರೇಕ್ ಹಾಕಿ, ಕಾರು ನೇರವಾಗುವವರೆಗೆ ಬಲಗಾಲನ್ನು ತಡೆದು, ಆಮೇಲೆ ಟಾರ್ಕಿಗೆ ಬಿಟ್ಟುಕೊಡಿ ಎಂದರು. ಮಧ್ಯಾಹ್ನದ ಹೊತ್ತಿಗೆ ಕೋನ್ ಬೀಳುವುದು ನಿಂತಿತು. 2015ರಿಂದ ಮಸ್ಟ್ಯಾಂಗಿಗೆ ಹಿಂದುಗಡೆ ಎರಡೂ ಚಕ್ರ ಬೇರೆಬೇರೆಯಾಗಿ ಏರಿಳಿಯುವ ಸ್ವತಂತ್ರ ಸಸ್ಪೆನ್ಷನ್ ಬಂದಿರುವುದರಿಂದ ತಿರುವಿನಲ್ಲಿ ಅದು ನೇರ ರಸ್ತೆಯ ಕಾರಷ್ಟೇ ಅಲ್ಲ; ತಮ್ಮ ಹಳೆಯ ಕಾರು ಕಲಿಸಿದ್ದನ್ನು ಇದರ ಮೇಲೆ ಹೇರಿದ್ದೇ ತೊಡಕಾಗಿತ್ತೆಂದು ಅವರಿಗೆ ಅಂದು ಅರಿವಾಯಿತು. ಹನ್ನೆರಡು ನಿಮಿಷದ ಬದಲು ಇಂಥ ಒಂದು ದಿನವನ್ನು ಬಾಡಿಗೆಯ ಮಸ್ಟ್ಯಾಂಗಿನೊಂದಿಗೆ ಮೊದಲೇ ಕಳೆದಿದ್ದರೆ, ಕೊಂಡರೂ ಬಿಟ್ಟರೂ ತಿಳಿದು ಮಾಡಿದಂತಾಗುತ್ತಿತ್ತು.

ಅಂದು ಸಂಜೆ ಮರಳುವಾಗ ಅವರು ಹೇಳಿದರು: ವೇಗ ಕಡಿಮೆಯಾಗಿಲ್ಲ, ಸಂತೋಷವೂ ಇದೆ, ಆದರೆ ಭಾನುವಾರ ಬೆಳಗ್ಗೆ ಗ್ಯಾರೇಜಿನಲ್ಲಿ ತಮಗೆ ಕೆಲಸವಿಲ್ಲ. ಹೊಸ ಎಂಜಿನ್ನಿನ ವಾಲ್ವ್ ಅಂತರವನ್ನು ಹೈಡ್ರಾಲಿಕ್ ವ್ಯವಸ್ಥೆ ತಾನೇ ನೋಡಿಕೊಳ್ಳುತ್ತದೆ. ಫೀಲರ್ ಗೇಜಿಗೆ ಅಲ್ಲಿ ಜಾಗವಿಲ್ಲ.

ಬೇರ್ಪಡಿಸಬಹುದಾಗಿದ್ದ ಎರಡು ನಿರ್ಧಾರಗಳು

ಆ ಸಂಜೆ ಎರಡು ನಿರ್ಧಾರಗಳಾದವು: ಎಸ್2000 ಅನ್ನು ಬಿಡುವುದು ಒಂದು, ಮಸ್ಟ್ಯಾಂಗನ್ನು ಕೊಳ್ಳುವುದು ಇನ್ನೊಂದು. ಎರಡನೆಯದರ ಉತ್ಸಾಹ ಮೊದಲನೆಯದರ ದುಃಖವನ್ನು ಮೂರು ಗಂಟೆ ಕಾಲ ಮರೆಸಿತು. ಆ ಮೂರು ಗಂಟೆಯಲ್ಲೇ ಎಲ್ಲವೂ ಮುಗಿಯಿತು. ಹೊಸ ಕಾರಿನ ಬೆಲೆಯನ್ನು ಹಳೆಯ ಕಾರಿನ ಸುದ್ದಿ ಎತ್ತದೆ ಮೊದಲು ಇತ್ಯರ್ಥ ಮಾಡಿಕೊಂಡಿದ್ದರೆ, ಹಳೆಯ ಕಾರಿಗೆ ಬೇರೆ ಎರಡು ಕಡೆಯಾದರೂ ಲಿಖಿತ ಬೆಲೆ ಕೇಳಿದ್ದರೆ, 11,000 ಮತ್ತು 12,500ರ ನಡುವಿನ ಆಟ ತಾನಾಗಿ ಬಯಲಾಗುತ್ತಿತ್ತು. ತಯಾರಿಕೆ ನಿಂತುಹೋದ, ಅಭಿಮಾನಿಗಳು ಹುಡುಕಿಕೊಂಡು ಬರುವ ಕಾರಿನ ವಿಷಯದಲ್ಲಿ ಇದು ಇನ್ನೂ ಮುಖ್ಯ. ಸಾಮಾನ್ಯ ಡೀಲರಿಗೆ ಅದು ಹದಿನಾರು ವರ್ಷದ ಹಳೆಯ ಕಾರು. ಅದನ್ನೇ ಬಯಸುವವರಿಗೆ ಹಾಗಲ್ಲ.

ಅವರು ಕೊಂಡ ಕಾರು ತಪ್ಪೆಂದು ನಾನು ಹೇಳುವುದಿಲ್ಲ, ಅವರೂ ಹೇಳುವುದಿಲ್ಲ. ಅದನ್ನು ಇಂದಿಗೂ ಇಟ್ಟುಕೊಂಡಿದ್ದಾರೆ. ಸಾಲ 2024ರ ಅಕ್ಟೋಬರ್‌ನಲ್ಲಿ ತೀರಿತು.

ನೀಲಿ ಫೈಲಿನ ಮಾತು ಬಾಕಿಯಿದೆ. ಆ ಗುರುವಾರ ಅದು ಮನೆಯಲ್ಲೇ ಉಳಿದಿತ್ತು. ಸುಮ್ಮನೆ ನೋಡಿಬರಲು ಹೋದವರು ಫೈಲು ಒಯ್ದಿರಲಿಲ್ಲ. ಶೋರೂಮಿನಲ್ಲಿ ಯಾರೂ ಕೇಳಿಯೂ ಇರಲಿಲ್ಲ. ಒಂಬತ್ತು ವರ್ಷದ ದಾಖಲೆ ಖಾಸಗಿ ಕೊಳ್ಳುಗರ ಕಣ್ಣಿಗೆ ಬೆಲೆಬಾಳುವಂಥದ್ದು, ಡೀಲರಿನ ಹಾಳೆಯಲ್ಲಿ ಅದಕ್ಕೆ ಒಂದು ಸಾಲೂ ಇರಲಿಲ್ಲ. ಎಸ್2000 ಮಾರಾಟವಾಯಿತೆಂದು ತಿಳಿದಾಗ ಅವರು ಫೈಲನ್ನು ಶೋರೂಮಿಗೆ ಒಯ್ದು, ಒಳಗೆ ತಮ್ಮ ಫೋನ್ ನಂಬರಿನ ಚೀಟಿ ಇಟ್ಟು, ಹೊಸ ಮಾಲೀಕರಿಗೆ ತಲುಪಿಸಿ ಎಂದು ಕೇಳಿಕೊಂಡರು. ಏಳು ತಿಂಗಳು ಏನೂ ಸುದ್ದಿಯಿಲ್ಲ. 2019ರ ಬೇಸಿಗೆಯಲ್ಲಿ ಒಂದು ಕರೆ ಬಂತು. ಆ ಕಡೆ ಇದ್ದದ್ದು ಎಸ್2000ದ ಹೊಸ ಮಾಲೀಕ, ಇಪ್ಪತ್ತರ ಹರೆಯದ ಹುಡುಗ. ನೋಟ್‌ಬುಕ್ಕಿನಲ್ಲಿ ವಾಲ್ವ್ ಅಂಕಿಗಳನ್ನು ನೋಡಿದ್ದನಂತೆ, ಮುಂದಿನ ಸಲ ಅದನ್ನು ತಾನೇ ಮಾಡಬೇಕೆಂದಿದ್ದ, ಎಲೆ ಎಷ್ಟು ಬಿಗಿ ಹಿಡಿಯಬೇಕೆಂದು ಬರಹದಿಂದ ತಿಳಿಯಲಿಲ್ಲ ಎಂದ. ಮುಂದಿನ ಭಾನುವಾರ ಬೆಳಗ್ಗೆ, ಎಂಜಿನ್ ತಣ್ಣಗಿರುವಾಗಲೇ, ಮಾಲೀಕರು ಡ್ರಾಯರಿನಿಂದ ಫೀಲರ್ ಗೇಜ್ ತೆಗೆದುಕೊಂಡು ಮಸ್ಟ್ಯಾಂಗಿನಲ್ಲಿ ಆ ಹುಡುಗನ ಗ್ಯಾರೇಜಿಗೆ ಹೋದರು. ಮೊದಲ ನಾಲ್ಕು ವಾಲ್ವ್‌ಗಳನ್ನು ತಾವು ಮಾಡಿ ತೋರಿಸಿ, ಉಳಿದ ಹನ್ನೆರಡನ್ನು ಅವನ ಕೈಯಲ್ಲೇ ಮಾಡಿಸಿ, ಅಂಕಿಗಳನ್ನು ಅದೇ ನೋಟ್‌ಬುಕ್ಕಿನಲ್ಲಿ ಅವನಿಂದಲೇ ಬರೆಸಿದರು.